ಹೊಲಿಗೆ ಕೋಣೆಯಲ್ಲಿ ಬುಗುರಿ

ಸ್ಟುಡಿಯೋದ ಹೊಲಿಗೆ ಕೋಣೆಗೆ ಗಂಡಸರು ಬರುತ್ತಿದ್ದದ್ದು ಅಳತೆ ಕೊಡುವುದಕ್ಕೆ, ಇಲ್ಲವೇ ಹರಿದ ಪ್ಯಾಂಟಿಗೆ ಹೊಲಿಗೆ ಹಾಕಿಸಿಕೊಳ್ಳುವುದಕ್ಕೆ. ಕೆಲಸ ಮುಗಿದರೆ ನಿಲ್ಲುತ್ತಿರಲಿಲ್ಲ. ಆ ಕೋಣೆಯಲ್ಲಿ ನಿಲ್ಲುವುದಕ್ಕೆ ಜಾಗವೂ ಇರಲಿಲ್ಲ. ಮೂರು ಮಿಶಿನ್ನು, ಒಂದು ಕತ್ತರಿಸುವ ಮೇಜು, ಸೂರಿನವರೆಗೆ ಬಟ್ಟೆಯ ಗಂಟು. ಬುಗುರಿ ಮಾತ್ರ ಬಂದವನು ಹೋಗಲಿಲ್ಲ. ಕಿಟಕಿಯ ಕೆಳಗಿನ ಬೆಂಚಿನಿಂದ ಗಂಟುಗಳನ್ನು ಪಕ್ಕಕ್ಕೆ ಸರಿಸಿ ಕೂತುಬಿಟ್ಟ.

ಬುಗುರಿ ಅಂದರೆ ಆ ಕಂಪನಿಯ ಹಾಸ್ಯನಟ. ಕುಳ್ಳು, ಗುಂಡುಗುಂಡಗೆ, ಒಂಟಿ ಕಾಲಲ್ಲಿ ಗಿರ್ರನೆ ತಿರುಗಿ ಬೀಳುವುದರಲ್ಲಿ ಹೆಸರು ಮಾಡಿದವನು. ಹೆಣ್ಣುವೇಷ ಅವನಿಗೆ ಹೊಸದಲ್ಲ. ಈ ಸಲದ ಸಿನಿಮಾದಲ್ಲಿ ಅವನದು ಕೆಲಸ ಕಳೆದುಕೊಂಡ ಒಬ್ಬ ಗಂಡಸಿನ ಪಾತ್ರ. ಬಟ್ಟೆ ಕಾರ್ಖಾನೆಯಲ್ಲಿ ಹೆಂಗಸರನ್ನು ಮಾತ್ರ ತಗೊಳ್ಳುತ್ತಾರೆಂದು ತಿಳಿದು, ಲಂಗ ತೊಟ್ಟು, ತಲೆಗೆ ಕಟ್ಟುಗೂದಲು ಇಟ್ಟು, ಮಿಶಿನ್ನಿನ ಮುಂದೆ ಕೂರುತ್ತಾನೆ. ಕತೆಯೇನೋ ಅಷ್ಟೇ. ಆ ಲಂಗ ಹೊಲಿಯುವ ಕೆಲಸ ದೊಡ್ಡಕ್ಕನ ಪಾಲಿಗೆ ಬಂದಿತ್ತು.

ದೊಡ್ಡಕ್ಕ ಆ ಕೋಣೆಯ ಮೇಲ್ವಿಚಾರಕಿ. ಮಾತು ಕಡಿಮೆ, ಕೆಲಸ ಜಾಸ್ತಿ. ಅವಳ ಕೈಕೆಳಗೆ ಇಬ್ಬರು: ಕಾಲರು-ಕಫ್ಫುಗಳಲ್ಲೇ ಕಣ್ಣು ಸವೆಸಿಕೊಂಡ ಕಾಲರಮ್ಮ, ಗುಂಡಿ-ಕೊಕ್ಕೆ ಹೊಲಿಯುವ ಚಿಟಿಕೆ. ಚಿಟಿಕೆಗೆ ಆ ಹೆಸರು ಬಂದದ್ದು ಚಿಟಿಕೆ ಹೊಡೆಯುವಷ್ಟರಲ್ಲಿ ಸ್ಟುಡಿಯೋದ ಸುದ್ದಿಯೆಲ್ಲ ತಂದು ಹಾಕುತ್ತಿದ್ದಳೆಂದು.

ಆ ವಾರ ಅವಳು ತಂದ ಸುದ್ದಿ ಒಳ್ಳೆಯದಾಗಿರಲಿಲ್ಲ. ಮ್ಯಾನೇಜರು ಹೊಲಿಗೆ ಕೋಣೆಯನ್ನು ಮುಚ್ಚಿಸಿ, ಹೊರಗಿನ ಅಂಗಡಿಯೊಂದಕ್ಕೆ ಗುತ್ತಿಗೆ ಕೊಡುವ ಲೆಕ್ಕಾಚಾರದಲ್ಲಿದ್ದಾರಂತೆ. ಆ ಸುದ್ದಿಯ ಹಿಂದೆಯೇ ಬುಗುರಿ ಬಂದು ಬೆಂಚಿನ ಮೇಲೆ ಕೂತಿದ್ದ.

"ಅಳತೆ ಆಯ್ತಲ್ಲ," ಎಂದಳು ದೊಡ್ಡಕ್ಕ.

"ಆಯ್ತು. ಹೊರಗೆ ಬಿಸಿಲು, ಸ್ವಲ್ಪ ಕೂತಿರ್ತೀನಿ."

ಮಾರನೆಯ ದಿನ ಬಿಸಿಲಿರಲಿಲ್ಲ. ಆದರೂ ಬಂದ. ಬಂದವನು ಸುಮ್ಮನೆ ಕೂರಲಿಲ್ಲ, ಕೇಳತೊಡಗಿದ. ಮಧ್ಯಾಹ್ನ ಊಟಕ್ಕೆ ಎಷ್ಟು ಹೊತ್ತು ಬಿಡ್ತೀರಿ? ಮಿಶಿನ್ನು ಕೆಟ್ಟರೆ ಏನು ಮಾಡ್ತೀರಿ? ಬೆನ್ನು ನೋವು ಬಂದ್ರೆ ಎದ್ದು ಓಡಾಡ್ತೀರಾ, ಕೂತಲ್ಲೇ ಸಹಿಸ್ಕೊಳ್ತೀರಾ? ಇವೆಲ್ಲ ಒಬ್ಬ ಕೋಡಂಗಿಗೆ ಯಾಕೆ ಬೇಕು?

ಅವನು ಹೊರಗೆ ಹೋದ ಮೇಲೆ ಕಾಲರಮ್ಮ ಕನ್ನಡಕ ತೆಗೆದಳು. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತಾರೆ. ಇದು ಕಣ್ಣು ಬಿಟ್ಕೊಂಡೇ ಕುಡೀತಿದೆ. ಮ್ಯಾನೇಜರು ಕಳಿಸಿರೋ ಆಸಾಮಿ ಇವನು."

"ಯಾವುದಕ್ಕೆ?" ಎಂದಳು ಚಿಟಿಕೆ.

"ನಾವು ಎಷ್ಟು ಕೆಲಸ ಮಾಡ್ತೀವಿ, ಎಷ್ಟು ಹೊತ್ತು ಹರಟೆ ಹೊಡೀತೀವಿ ಅಂತ ನೋಡೋದಕ್ಕೆ. ನಾಳೆ ಕೋಣೆ ಮುಚ್ಚೋವಾಗ ಒಂದು ಕಾರಣ ಬೇಡ್ವೇನೆ?"

ಅಂದಿನಿಂದ ಆ ಕೋಣೆಯಲ್ಲಿ ಮಾತು ನಿಂತಿತು. ಮಿಶಿನ್ನುಗಳ ಸದ್ದಿನ ನಡುವೆ ಮೂವರೂ ತುಟಿ ಪಿಟಕ್ ಅನ್ನದೆ ತಲೆ ತಗ್ಗಿಸಿ ಹೊಲಿಯುವರು; ಬುಗುರಿ ಗೋಡೆಗೊರಗಿ ನೋಡುವನು. ಅವನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದದ್ದು ದೊಡ್ಡಕ್ಕನನ್ನೇ ಎಂಬುದು ಮೊದಲು ಗೊತ್ತಾದದ್ದು ಚಿಟಿಕೆಗೆ. ಅದನ್ನು ಅವಳು ದೊಡ್ಡಕ್ಕನಿಗೆ ಹೇಳಲಿಲ್ಲ, ಕಾಲರಮ್ಮನಿಗೆ ಹೇಳಿದಳು. ಕಾಲರಮ್ಮ, "ಇದು ಇನ್ನೊಂದು ಥರದ ರೋಗ ಇರ್ಬೇಕು," ಎಂದು ಅನುಮಾನವನ್ನು ಬೇರೆ ಕಡೆಗೆ ತಿರುಗಿಸಿದಳು.

ಒಂದು ಸಂಜೆ ದೊಡ್ಡಕ್ಕ ಬಸ್ ಸ್ಟಾಪಿನ ಕಡೆಗೆ ಹೋಗುತ್ತಿದ್ದಾಗ ಹಿಂದಿನಿಂದ ನಗು ಕೇಳಿಸಿತು. ಚಪ್ಪಲಿ ಅಂಗಡಿಯ ಹುಡುಗಿಯರಿಬ್ಬರು ಬಾಗಿಲಲ್ಲಿ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಅವಳು ಲಂಗ ನೋಡಿಕೊಂಡಳು, ಹರಿದಿರಲಿಲ್ಲ. ಬೆನ್ನು ಮುಟ್ಟಿ ನೋಡಿಕೊಂಡಳು, ದಾರದ ಎಳೆ ಕೂಡ ಅಂಟಿರಲಿಲ್ಲ. ತಟ್ಟನೆ ತಿರುಗಿದಾಗ, ಸ್ವಲ್ಪ ದೂರದಲ್ಲಿ ಬುಗುರಿ ಗಡಿಯಾರದಂಗಡಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಅಂಗಡಿ ಮುಚ್ಚಿತ್ತು.

ಈ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತ್ತು. ದೊಡ್ಡಕ್ಕ ಮದುವೆಯಾಗಿರಲಿಲ್ಲ, ತಮ್ಮ ಮತ್ತು ಅವನ ಹೆಂಡತಿಯ ಜತೆ ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿದ್ದಳು. ತಮ್ಮ ಬ್ಯಾಂಕೊಂದರ ಬಾಗಿಲು ಕಾಯುವವನು. ಅನುಮಾನ ಪಡುವುದಕ್ಕೇ ಸಂಬಳ ತೆಗೆದುಕೊಳ್ಳುವವನು ಮನೆಗೆ ಬಂದ ಮೇಲೂ ಆ ಕೆಲಸ ಬಿಡುತ್ತಿರಲಿಲ್ಲ.

"ಆ ಸಿನಿಮಾದವನು ನಿನ್ನ ಹಿಂದೆ ಯಾಕೆ ಬರ್ತಾನೆ?" ಎಂದ, ಷೂ ಬಿಚ್ಚುತ್ತ.

"ಅವನನ್ನೇ ಕೇಳು."

"ಸಿನಿಮಾ ಕೆಲಸ ಬೇಡ ಅಂತ ಮೊದ್ಲೇ ಹೇಳಿದ್ದೆ."

"ಸಿನಿಮಾ ಕೆಲಸ ಅಲ್ಲ, ಹೊಲಿಗೆ ಕೆಲಸ. ಮನೆ ಬಾಡಿಗೆ ಕೊಡೋವಾಗ ನಿಂಗೆ ಅದು ನೆನಪಿರುತ್ತೆ."

ತಮ್ಮನ ಹೆಂಡತಿ ಒಳಗಿನಿಂದಲೇ, "ಅತ್ತಿಗೆ, ಕೈಕಾಲು ತೊಳ್ಕೊಂಡು ಬನ್ನಿ," ಎಂದು ಮಾತನ್ನು ಅಲ್ಲಿಗೆ ಕತ್ತರಿಸಿದಳು.

ಮಾರನೆಯ ಬೆಳಿಗ್ಗೆ ದೊಡ್ಡಕ್ಕ ಮೊದಲ ಬಾರಿಗೆ ಉಳಿದಿಬ್ಬರನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಸುಮ್ಮನೆ ಅನುಮಾನ ಪಡುತ್ತಾ ಕೂತರೆ ಹೊಟ್ಟೆಯೊಳಗೆ ಹುಣ್ಣಾಗುತ್ತದೆ, ಪರೀಕ್ಷೆ ಮಾಡಿಯೇ ನೋಡೋಣ ಎಂದಳು. ಉಪಾಯ ಕಾಲರಮ್ಮನದು. ಬುಗುರಿ ಬಂದು ಕೂತ ಮೇಲೆ ಅವಳು ಮಿಶಿನ್ನು ನಿಲ್ಲಿಸಿ, ಗುಟ್ಟು ಹೇಳುವವಳಂತೆ ಆದರೆ ಬೆಂಚಿಗೂ ಕೇಳುವಂತೆ ಹೇಳಿದಳು: "ಹಾಗಾದ್ರೆ ಹೊಳೆಯಾಚೆ ಕಂಪನಿಯೋರಿಗೆ ಹೂಂ ಅಂದ್ಬಿಡ್ಲಾ? ಮೂವರೂ ಒಟ್ಟಿಗೆ ಬಂದ್ರೆ ಒಳ್ಳೇದು ಅಂದಿದಾರೆ."

"ಶೂಟಿಂಗ್ ನಡುವೆ ಬಿಟ್ಟು ಹೋಗೋದಾ?" ಎಂದಳು ಚಿಟಿಕೆ. ಅವಳಿಗೆ ನಗು ತಡೆಯುವುದೇ ಕಷ್ಟವಾಗಿತ್ತು.

"ನಮ್ಮನ್ನ ಬಿಡಿಸೋರು ನಡುವೆ ಕೊನೆ ಅಂತ ನೋಡ್ತಾರಾ?" ಎಂದಳು ದೊಡ್ಡಕ್ಕ.

ಬುಗುರಿ ಉಗುರು ನೋಡಿಕೊಳ್ಳುತ್ತಿದ್ದ.

ಅದೇ ದಿನ ಸಂಜೆ ಮ್ಯಾನೇಜರು ಹೇಳಿಕಳಿಸಿದರು. ದೊಡ್ಡಕ್ಕ ಹೋದಳು. ಎಂದೂ ಕೂರು ಎನ್ನದವರು ಕುರ್ಚಿ ತೋರಿಸಿದರು. ಕೋಣೆಯಲ್ಲಿ ಗಾಳಿ ಸಾಕಾ, ದೀಪ ಸಾಕಾ ಎಂದು ಕೇಳಿದರು. ಆಮೇಲೆ ಪೇಪರ್‌ವೇಟು ತಿರುಗಿಸುತ್ತ, "ಎಲ್ಲಿಗೋ ಹೋಗೋ ಯೋಚನೆ ಇದೆಯಂತೆ," ಎಂದರು.

"ಯಾರು ಹೇಳಿದ್ರು ಸಾರ್?"

"ಯಾರಾದ್ರೇನು. ಹೌದಾ, ಅಲ್ವಾ?"

"ಯೋಚ್ನೆಗೇನು ಸಾರ್, ಎಲ್ಲರಿಗೂ ಇರುತ್ತೆ," ಎಂದು ಅವಳು ಎದ್ದು ಬಂದಳು. ಕೋಣೆಯ ಬಾಗಿಲಲ್ಲಿ ಕಾದಿದ್ದ ಕಾಲರಮ್ಮನಿಗೆ ಅವಳ ಮುಖ ನೋಡಿದ್ದೇ ಸಾಕಾಯಿತು. "ಸಿಕ್ಕಿಬಿದ್ದ," ಎಂದಳು.

ಮರುದಿನ ಬೆಂಚಿನ ಮೇಲೆ ಗಂಟುಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟರು. ಬಂದ ಬುಗುರಿ ಒಂದು ಗಳಿಗೆ ನಿಂತ. ಕೂರುವಂತೆ ಯಾರೂ ಹೇಳಲಿಲ್ಲ. ಬಂದ ದಾರಿಯಲ್ಲೇ ಹೋದ.

ಲಂಗ ಮುಗಿದಿತ್ತು. ಶೂಟಿಂಗಿನ ದಿನ ಅದನ್ನು ತೊಡಿಸಿ, ಹೆಚ್ಚುಕಡಿಮೆ ಸರಿಮಾಡಲು ಮೂವರೂ ಸೆಟ್ಟಿಗೆ ಹೋಗಬೇಕಾಯಿತು. ಸೆಟ್ಟಿನಲ್ಲಿ ಹೊಲಿಗೆ ಕಾರ್ಖಾನೆ ಕಟ್ಟಿದ್ದರು. ಸಾಲಾಗಿ ಮಿಶಿನ್ನುಗಳು, ಒಂದರಲ್ಲೂ ದಾರವಿಲ್ಲ. ದೀಪಗಳು ಹೊತ್ತಿಕೊಂಡವು.

ಬುಗುರಿ ಗಲ್ಲ ಮುಟ್ಟುವಷ್ಟು ಬಟ್ಟೆಯ ರಾಶಿ ಹೊತ್ತು ಬಂದ. ಕೈ ಬಿಡುವಿಲ್ಲದ್ದರಿಂದ ಬಾಗಿಲನ್ನು ಸೊಂಟದಿಂದ ತಳ್ಳಿ, ಅಡ್ಡಡ್ಡವಾಗಿ ಒಳಗೆ ನುಸುಳಿದ. ರಾಶಿ ಇಳಿಸಿ, ಬೆನ್ನ ತಗ್ಗಿಗೆ ಮುಷ್ಟಿ ಒತ್ತಿಕೊಂಡ. ಎಡಭುಜ ಬಲಭುಜಕ್ಕಿಂತ ಕೆಳಗಿತ್ತು. ನಾಲ್ಕು ಗುಂಡುಪಿನ್ನು ತುಟಿಗಿಟ್ಟುಕೊಂಡು, ಬಾಯಿಯ ಒಂದು ಮೂಲೆಯಿಂದ ಪಕ್ಕದವಳಿಗೆ ಬೈದ. ಬೈಯುವಾಗ ದನಿ ಏರಿಸಲಿಲ್ಲ, ಹುಬ್ಬು ಮಾತ್ರ ಏರಿಸಿದ.

ಸೆಟ್ಟೆಲ್ಲ ನಕ್ಕಿತು. ಏಣಿಯ ಮೇಲಿದ್ದ ಲೈಟಿನವನು ಕಂಬ ಹಿಡಿದುಕೊಂಡು ನಕ್ಕ. ಚಿಟಿಕೆಯೂ ನಕ್ಕಳು. ನಗುತ್ತ ದೊಡ್ಡಕ್ಕನ ಕಡೆ ತಿರುಗಿದವಳು ಅರ್ಧಕ್ಕೇ ನಿಲ್ಲಿಸಿದಳು.

ದೊಡ್ಡಕ್ಕನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಯಾರ ಬೆನ್ನೂ ಅವರಿಗೆ ಕಾಣುವುದಿಲ್ಲವಷ್ಟೆ. ಕಾಲರಮ್ಮ ಮೆಲ್ಲಗೆ ಅವಳ ತೋಳು ಹಿಡಿದಾಗ ತಿಳಿಯಿತು, ಬುಗುರಿ ಆಡಿ ತೋರಿಸುತ್ತಿದ್ದದ್ದು ತನ್ನನ್ನೇ ಎಂದು. ತಾನಿಲ್ಲದಾಗ ಯಾರೋ ತನ್ನ ಪೆಟ್ಟಿಗೆ ತೆಗೆದು, ಒಳಗಿನದನ್ನೆಲ್ಲ ಬೀದಿಯಲ್ಲಿ ಹರವಿದ ಹಾಗಾಯಿತು. ಚಪ್ಪಲಿ ಅಂಗಡಿಯ ಹುಡುಗಿಯರು ನಕ್ಕದ್ದು ಯಾಕೆಂದು ಆಗ ಹೊಳೆಯಿತು.

ಶಾಟು ಮುಗಿದ ಮೇಲೆ ಬುಗುರಿ ಬೆನ್ನಿನ ಕೊಕ್ಕೆ ಬಿಚ್ಚಿಸಿಕೊಳ್ಳಲು ಪರದೆಯ ಹಿಂದೆ ಬಂದ. ಬಿಚ್ಚುವವಳು ಅವಳೇ. ಅವನು ಬೆನ್ನು ಮಾಡಿ ನಿಂತಿದ್ದ.

"ನಾನು ಅಷ್ಟೊಂದು ನಗೆಪಾಟಲಾ?" ಎಂದಳು.

ಅವನು ತಿರುಗದೆಯೇ ಹೇಳಿದ. "ನೀವಲ್ಲ ಅಕ್ಕ, ನಾನು. ಗಂಡಸು ಲಂಗ ಹಾಕ್ಕೊಂಡಿದಾನೆ ಅಂತ ನಗ್ತಾರೆ."

"ಕೇಳಿದ್ರೆ ನಾನೇ ತೋರಿಸ್ತಿದ್ದೆ."

"ಕೇಳಿದ್ರೆ ನೀವು ನೆಟ್ಟಗೆ ಕೂತ್ಬಿಡ್ತಿದ್ರಿ." ಅವನು ತಲೆಯ ಕಟ್ಟುಗೂದಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹೆಂಗಸು ಅಂದ್ರೆ ಇಷ್ಟು ವರ್ಷ ಸೊಂಟ ಕುಣಿಸ್ದೆ, ಕೀರಲು ದನಿ ತೆಗೆದೆ. ಕೆಲಸ ಮಾಡೋ ಹೆಂಗಸು ಹೇಗೆ ನಿಲ್ತಾಳೆ, ಹೇಗೆ ಕೂರ್ತಾಳೆ ಅಂತ ಒಂದಿನಾನೂ ನೋಡಿರ್ಲಿಲ್ಲ. ನೋಡ್ಬೇಕು ಅಂತ ಅನ್ಸಿರ್ಲೂ ಇಲ್ಲ."

"ಮ್ಯಾನೇಜರಿಗೆ ಚಾಡಿ ಹೇಳಿದ್ದೂ ಪಾತ್ರಕ್ಕೇನಾ?"

"ಅದು ಚಾಡಿ ಅಲ್ಲ. ಹೊಲಿಗೆ ಕೋಣೇಲಿ ಏನು ಮಾತು ಅಂತ ಅವರು ದಿನಾ ಕೇಳ್ತಿದ್ರು. ಸೂಜಿ ದಾರದ ಮಾತು ಸಾರ್ ಅಂತಿದ್ದೆ. ಮೂವರೂ ಹೋಗ್ತಾರೆ ಅಂದ್ರೆ ಹೆದರ್ತಾರೆ ಅನ್ನಿಸ್ತು, ಅದಕ್ಕೆ ಹೇಳ್ದೆ."

"ನಮ್ಮ ಮೇಲೆ ದಯೆ ಬಂತು ಅನ್ನಿ."

"ನಂಬಿದ್ರೆ ನಂಬಿ, ಬಿಟ್ರೆ ಬಿಡಿ."

ಅವಳು ಕೊನೆಯ ಕೊಕ್ಕೆ ಬಿಚ್ಚಿದಳು. ನಂಬಲಿಲ್ಲ. ನಂಬದಿರುವುದಕ್ಕೂ ಗಟ್ಟಿ ಕಾರಣ ಸಿಗಲಿಲ್ಲ. ಅವನ ಮುಖ ನೋಡಬಹುದಿತ್ತು. ಆದರೆ ಬೇಕಾದ ಮುಖ ಬೇಕಾದಾಗ ಮಾಡಿಕೊಳ್ಳುವುದೇ ಅವನ ಕಸುಬು.

ಶೂಟಿಂಗು ಮುಗಿಯುವುದರೊಳಗೆ ಬುಗುರಿ ಮೆಟ್ಟಿಲಿನಿಂದ ಉರುಳುವ ದೃಶ್ಯದಲ್ಲಿ ನಿಜವಾಗಿಯೇ ಉರುಳಿ ಕಾಲು ಮುರಿದುಕೊಂಡ. ಉಳಿದಿದ್ದದ್ದು ಒಂದು ಶಾಟು: ಸಂಜೆ ಕಾರ್ಖಾನೆ ಬಿಟ್ಟ ಮೇಲೆ ವೇಷಧಾರಿ ಬೀದಿಯುದ್ದಕ್ಕೂ ಒಬ್ಬನೇ ನಡೆದು ಹೋಗುವುದು, ಹಿಂದಿನಿಂದ. ಮುಖ ಕಾಣಬೇಕಿಲ್ಲ. ನಿರ್ದೇಶಕರು ಇಬ್ಬರು ಮೂವರು ಗಂಡಸರನ್ನು ನಡೆಸಿ ನೋಡಿದರು. ಒಬ್ಬ ಬಾತುಕೋಳಿಯ ಹಾಗೆ ನಡೆದ, ಇನ್ನೊಬ್ಬ ಪೊಲೀಸಿನವನ ಹಾಗೆ. ಮೂಲೆಯಲ್ಲಿ ನಿಂತಿದ್ದ ಚಿಟಿಕೆ ಬಾಯಿ ತಡೆಯದೆ, "ನಮ್ಮ ದೊಡ್ಡಕ್ಕ ಇದಾರಲ್ಲ," ಎಂದಳು.

ದೊಡ್ಡಕ್ಕ ಬೇಡವೆಂದಳು. ಆಮೇಲೆ ಏನೆನ್ನಿಸಿತೋ, ಒಪ್ಪಿದಳು. ಯಾಕೆ ಒಪ್ಪಿದಳೆಂದು ಕಾಲರಮ್ಮ ಮುಂದೆ ಎಷ್ಟು ಸಲ ಕೇಳಿದರೂ, "ಬೇರೆಯವರು ನಡೆದದ್ದು ಸಾಕಾಗಿತ್ತು," ಎಂದಷ್ಟೇ ಹೇಳುತ್ತಿದ್ದಳು. ಬುಗುರಿಯ ಗಾತ್ರ ಬರಲು ಸೊಂಟಕ್ಕೆ ಹತ್ತಿ ತುಂಬಿಕೊಂಡು, ತಾನೇ ಹೊಲಿದ ಲಂಗ ತೊಟ್ಟು, ಬೀದಿಯ ತುದಿಯಲ್ಲಿ ನಿಂತಳು. ನಡೆಯಿರಿ ಎಂದರು, ನಡೆದಳು.

"ಅಮ್ಮ, ಸುಮ್ನೆ ನಡೀತಿದೀರ," ಎಂದರು ನಿರ್ದೇಶಕರು. "ಅವನು ನಡೀತಿದ್ನಲ್ಲ, ಹಾಗೆ ನಡೀಬೇಕು. ಇನ್ನೂ ಸ್ವಲ್ಪ ಹೆಂಗಸಿನ ಥರ."

ಚಿಟಿಕೆ ಈ ಬಾರಿ ಬಾಯಿಗೆ ಕೈ ಇಟ್ಟುಕೊಂಡಳು. ಬ್ಯಾಂಡೇಜು ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ ಬುಗುರಿ, "ಅದೇ ಸರಿ ಸಾರ್, ಬಿಡಿ," ಎಂದ. ಇವನು ನನ್ನ ಪರವೋ, ತನ್ನ ಪಾತ್ರದ ಪರವೋ ಎಂದು ದೊಡ್ಡಕ್ಕ ಅವನನ್ನು ದಿಟ್ಟಿಸಿದಳು. ಎರಡನೆಯ ಸಲ ಅವಳು ಬುಗುರಿಯ ಹಾಗೆ, ಅಂದರೆ ತನ್ನ ಹಾಗೆ ನಡೆಯುವ ಬುಗುರಿಯ ಹಾಗೆ, ನಡೆಯಲು ಹೋದಳು. ಯಾವ ಕಾಲು ಮೊದಲು ಎಂಬುದೇ ಮರೆತು ಮುಗ್ಗರಿಸಿದಳು. ಎಲ್ಲರೂ ನಕ್ಕರು. ಮೂರನೆಯ ಸಲಕ್ಕೆ ಬೆಳಕು ಕುಂದಿತ್ತು. ಬೆಳಿಗ್ಗೆಯಿಂದ ನಿಂತು ನಿಂತು ಬೆನ್ನು ಹಿಡಿದುಕೊಂಡಿತ್ತು. ಮನೆಗೆ ಹೋಗಿ ಒಗೆಯುವ ಬಟ್ಟೆ ನೆನಪಾಯಿತು. ಅವಳು ಯಾರನ್ನೂ ನೆನೆಯದೆ ನಡೆದಳು.

ಯಾರೂ ನಗಲಿಲ್ಲ. ನಿರ್ದೇಶಕರು ತಲೆ ಕೆರೆದುಕೊಂಡರು. "ಇರ್ಲಿ, ಬೆಳಕು ಹೋಯ್ತು. ಇದನ್ನೇ ಇಟ್ಕೊಳ್ಳೋಣ."

ಸಿನಿಮಾ ಬಿಡುಗಡೆಯಾದಾಗ ಅವಳು ಮನೆಯಲ್ಲಿ ಏನೂ ಹೇಳದೆ ತಮ್ಮನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಹೋದಳು. ಥಿಯೇಟರು ತುಂಬಿತ್ತು. ಬಟ್ಟೆ ರಾಶಿಯ ದೃಶ್ಯಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ತಮ್ಮ. ಆಮೇಲೆ ಬೀದಿಯ ಶಾಟು ಬಂತು. ದೊಡ್ಡಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. ಪರದೆಯ ಮೇಲೆ ದಪ್ಪ ಹೆಂಗಸೊಬ್ಬಳು ಬೆನ್ನು ಮಾಡಿ ನಡೆಯುತ್ತಿದ್ದಳು, ಎಡಭುಜ ಇಳಿದಿತ್ತು. ಥಿಯೇಟರಿನಲ್ಲಿ ನಗುವಿರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು, "ಪಾಪ, ಸುಸ್ತಾಗಿದಾಳೆ," ಎಂದಳು. ಅಷ್ಟರಲ್ಲಿ ಬುಗುರಿಯ ಮುಖ ಪರದೆ ತುಂಬ ಬಂದು ಕಣ್ಣು ಹೊಡೆಯಿತು. ಸೂರು ಹಾರಿಹೋಗುವ ಹಾಗೆ ನಗು.

ಸಿನಿಮಾದ ಕೊನೆಗೆ ವೇಷದ ಗುಟ್ಟು ರಟ್ಟಾಗುತ್ತದೆ. ಕಾರ್ಖಾನೆಯ ಸಾಹುಕಾರ ಕೋಪ ಮಾಡಿಕೊಳ್ಳುವ ಬದಲು, ಇಷ್ಟು ಚೆನ್ನಾಗಿ ಕೆಲಸ ಕಲಿತ ಗಂಡಸೆಂದು ಅವನನ್ನೇ ಎಲ್ಲ ಹೆಂಗಸರ ಮೇಲೆ ಮೇಸ್ತ್ರಿ ಮಾಡುತ್ತಾನೆ. ಹೆಂಗಸರು ಚಪ್ಪಾಳೆ ತಟ್ಟುತ್ತಾರೆ. ಥಿಯೇಟರಿನಲ್ಲಿ ಕೂತವರೂ ತಟ್ಟಿದರು. ದೊಡ್ಡಕ್ಕನ ಕೈ ಮಡಿಲಲ್ಲೇ ಇತ್ತು. ಅವನಿಗೆ ಕೆಲಸ ಕಲಿಸಿದವಳು ಪರದೆಯ ಮೇಲಿನ ಆ ಹೆಂಗಸರ ಸಾಲಿನಲ್ಲೇ ಎಲ್ಲೋ ನಿಂತು ಚಪ್ಪಾಳೆ ತಟ್ಟುತ್ತಿರಬೇಕು ಎಂದುಕೊಂಡಳು.

ಹೊರಗೆ ಬಂದ ಮೇಲೆ ತಮ್ಮ, "ಬೀದೀಲಿ ನಡೆಯೋದು ಮಾತ್ರ ಅದ್ಭುತ. ಥೇಟ್ ಹೆಂಗಸೇ ಅನ್ನಿಸ್ತು," ಎಂದ.

"ಅದು ನಾನು," ಎಂದಳು.

ತಮ್ಮ ನಿಂತ. ಬ್ಯಾಂಕಿನ ಬಾಗಿಲಲ್ಲಿ ಗುರುತಿಲ್ಲದವರನ್ನು ನೋಡುವ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡಿದ. "ಸುಳ್ಳು ಹೇಳ್ಬೇಡ. ಅದು ಅವನೇ."

"ಅತ್ತಿಗೇನೇ ಅದು," ಎಂದಳು ಅವನ ಹೆಂಡತಿ. "ದಿನಾ ಸಾಯಂಕಾಲ ಕಿಟಕಿಯಿಂದ ನೋಡ್ತೀನಲ್ಲ, ನಂಗೆ ಗೊತ್ತಾಗಲ್ವಾ?"

"ನಿಂಗೆ ನಗು ಬಂತಾ?" ಎಂದು ಕೇಳಿದಳು ದೊಡ್ಡಕ್ಕ.

ಅವಳು ಯೋಚಿಸಿದಳು. "ಇಲ್ಲ. ಅವನ ಮುಖ ಬಂದಾಗ ಬಂತು."

ಮೂವರೂ ಮನೆಯ ಕಡೆ ಹೊರಟರು. ತಮ್ಮ ಬೇಕೆಂದೇ ಒಂದೆರಡು ಹೆಜ್ಜೆ ಹಿಂದೆ ಉಳಿದ. ಸ್ವಲ್ಪ ದೂರ ಹೋದ ಮೇಲೆ ದೊಡ್ಡಕ್ಕ ತಿರುಗದೆಯೇ, "ಹಿಂದಿನಿಂದ ನೋಡಿದ್ದು ಸಾಕು. ಮುಂದೆ ಬಾ," ಎಂದಳು. ಅವನು ಬಂದು ಅವಳ ಕೈಯಲ್ಲಿದ್ದ ಚೀಲ ತೆಗೆದುಕೊಂಡ. ಹಾಗೆ ಅವನು ಮಾಡಿದ್ದು ಅದೇ ಮೊದಲು. ಅದಕ್ಕೂ ಅವಳು ಅನುಮಾನದಿಂದಲೇ ಅವನನ್ನು ನೋಡಿದಳು.

ಹೊಲಿಗೆ ಕೋಣೆ ಮುಚ್ಚಲಿಲ್ಲ. ಮ್ಯಾನೇಜರು, "ಸದ್ಯಕ್ಕೆ ಹೀಗೇ ನಡೀಲಿ," ಎಂದರಂತೆ. ಅದು ಬುಗುರಿಯ ಮಾತಿನಿಂದಲೇ ಎಂದು ಚಿಟಿಕೆ ವಾದಿಸುತ್ತಾಳೆ. ಹೊರಗಿನ ಅಂಗಡಿಯವನು ದರ ಹೆಚ್ಚು ಕೇಳಿದ್ದರಿಂದ ಎಂದು ಕಾಲರಮ್ಮ ಹೇಳುತ್ತಾಳೆ. ದೊಡ್ಡಕ್ಕನನ್ನು ಕೇಳಿದರೆ ಅವಳು ಸದ್ಯಕ್ಕೆ ಎಂಬ ಮಾತನ್ನು ಮಾತ್ರ ನೆನಪಿಸುತ್ತಾಳೆ.

ಕೆಲವು ತಿಂಗಳಾದ ಮೇಲೆ ಆಸ್ಪತ್ರೆಯ ನರ್ಸೊಬ್ಬಳು ಡ್ಯೂಟಿಯ ಬಟ್ಟೆಯಲ್ಲೇ ಹೊಲಿಗೆ ಕೋಣೆಯನ್ನು ಹುಡುಕಿಕೊಂಡು ಬಂದಳು. ಕೂರದೆ ಬಾಗಿಲಲ್ಲೇ ನಿಂತು ಕೇಳಿದಳು. ಸಿನಿಮಾದ ಒಬ್ಬ ಕುಳ್ಳ ಮನುಷ್ಯ, ಕಾಲಿನ ಕಟ್ಟು ಬಿಚ್ಚಿ ಎಷ್ಟೋ ದಿನವಾದರೂ, ದಿನವೂ ಬಂದು ವಾರ್ಡಿನ ಎದುರಿನ ಬೆಂಚಿನ ಮೇಲೆ ಕೂರುತ್ತಾನಂತೆ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯುವುದು ಹೇಗೆ, ಷೂ ಎಲ್ಲಿ ಕಚ್ಚುತ್ತದೆ ಎಂದೆಲ್ಲ ವಿಚಾರಿಸುತ್ತಾನಂತೆ.

"ನಮ್ಮ ದೊಡ್ಡ ನರ್ಸಮ್ಮ, ಮೇಟ್ರನ್ ಅವರೇ, ಇವರನ್ನ ಕಳಿಸಿದಾರೋ ಏನೋ ಅಂತ ನಮಗೆಲ್ಲ ಅನುಮಾನ," ಎಂದಳು ನರ್ಸು. "ನಿಮಗೆ ಗೊತ್ತಿರೋರಂತೆ. ಒಳ್ಳೆಯವರಾ?"

ಕಾಲರಮ್ಮ ಮಿಶಿನ್ನು ನಿಲ್ಲಿಸಿದಳು. ದೊಡ್ಡಕ್ಕ ಕತ್ತರಿ ಕೆಳಗಿಟ್ಟಳು.

"ಅವನೆದುರಿಗೆ ಮೇಟ್ರನ್ ಮಾತು ಎತ್ತಬೇಡಿ," ಎಂದಳು. "ಕೂರ್ತೀನಿ ಅಂದ್ರೆ ಕೂರ್ಲಿ. ಆದ್ರೆ ಸುಮ್ನೆ ಕೂರಿಸ್ಬೇಡಿ. ಕೈಗೊಂದು ಬಕೆಟ್ಟು ಕೊಟ್ಟು ನೆಲ ಒರೆಸೋಕೆ ಹೇಳಿ."